ಒಡೆಯದ ಕಾಯಿ ಮತ್ತು ಬೆಳಗಿನ ಪ್ರಾರ್ಥನೆ

ನಮ್ಮ ಇಸ್ಕೂಲಿನಲ್ಲಿ ಶುಕ್ರವಾರ ಅಂದರೆ ಶಾರದಾ ಪೂಜೆ. ಸರದಿಯ ಮೇಲೆ ಒಬ್ಬೊಬ್ಬರ ಮನೆಯಿಂದ ಕಾಯಿ, ಹೂವು, ಕಡ್ಲೆಪುರಿ ಬರಬೇಕು. ನನ್ನ ಸರದಿ ಬಂದ ವಾರ ಅವ್ವ ಅಂಗಡಿಯಲ್ಲಿ ಸಾಲ ಹೇಳಿ ಒಂದು ಕಾಯಿ ತಂದು, ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. ಮೇಷ್ಟ್ರು ಬೈಯಲಿಲ್ಲ. 'ಅಲ್ಲಿ ಕಿಟಕಿ ಹತ್ರ ಇಡೋ' ಅಂದರು, ಅಷ್ಟೆ. ಪೂಜೆಗೆ ಇನ್ನೊಬ್ಬ ಹುಡುಗನ ಮನೆಯಿಂದ ಬೇರೆ ಕಾಯಿ ಬಂತು. ಅದು ಒಡೆಯಿತು, ಹಂಚಿಕೆಯಾಯಿತು. ಸಂಜೆ ನನ್ನ ಕಾಯಿ ಕಿಟಕಿಯಲ್ಲೇ ಕೂತಿತ್ತು. ಮನೆಗೆ ವಾಪಸ್ ತಂದಾಗ ಅವ್ವ ಯಾಕೆ ಅಂತ ಕೇಳಲಿಲ್ಲ. ಒಡೆದು ಸಾರಿಗೆ ಅರೆದಳು.

ಮಾರನೆಯ ದಿನ ಬೆಳಿಗ್ಗೆ ಗಂಟೆ ಹೊಡೆದಾಗ ಅದೇ ಅಂಗಳದಲ್ಲಿ ನಾನು ಸಾಲಿನಲ್ಲಿ ನಿಂತಿದ್ದೆ. ನಮ್ಮನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರು. ಕುಳ್ಳರು ಮುಂದೆ, ಉದ್ದನೆಯವರು ಹಿಂದೆ. ನನ್ನ ಮುಂದೆ ಗೌಡರ ಹುಡುಗ, ಹಿಂದೆ ಶಾನುಭೋಗರ ಹುಡುಗ. ಇಡೀ ಊರಿನಲ್ಲಿ ಜಾತಿಯ ಅಳತೆ ಬಿಟ್ಟು ಬೇರೆ ಅಳತೆಯಿಂದ ನನ್ನನ್ನು ನಿಲ್ಲಿಸಿದ ಒಂದೇ ಜಾಗ ಅದು. ಜನಗಣಮನ ಹೇಳುವಾಗ ನಾನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದೆ. ಅರ್ಥ ಗೊತ್ತಿರಲಿಲ್ಲ. ಆದರೆ ಗಂಟಲು ಬಿಡಲು ಅಲ್ಲಿ ಯಾರ ಅಡ್ಡಿಯೂ ಇರಲಿಲ್ಲ.

ಈ ಎರಡು ದಿನಗಳ ನಡುವಿನ ಅಂತರವನ್ನು ಓದುವುದು ದಲಿತ ವಿಮರ್ಶೆಯ ಕೆಲಸ ಎಂದು ನಾನು ತಿಳಿದಿದ್ದೇನೆ. ವಿಮರ್ಶೆ ಅಂದರೆ ಕತೆ ಕವಿತೆಗಳಿಗೆ ಅಂಕ ಹಾಕುವುದು ಅಂತ ನಮ್ಮ ವಿಶ್ವವಿದ್ಯಾಲಯಗಳು ಹೇಳಿಕೊಟ್ಟಿವೆ. ಆದರೆ ಅಕ್ಷರವನ್ನು ತಡವಾಗಿ ಮುಟ್ಟಿದ ಜನಕ್ಕೆ ಶಾಲೆಯ ಅಂಗಳವೇ ಮೊದಲ ಪಠ್ಯ. ಅದರ ಗಂಟೆ, ಸಾಲು, ಹಾಡು, ಪೂಜೆ, ಊಟ ಎಲ್ಲವೂ ಓದಬೇಕಾದ ಸಾಲುಗಳೇ.

ಈ ಪಠ್ಯ ಶುರುವಾಗುವುದು ಹಾಡಿನಿಂದ ಅಲ್ಲ, ಬಾಗಿಲಿನಿಂದ. 1856ರಲ್ಲಿ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಕೊಟ್ಟ. ಮುಂಬೈ ಸರ್ಕಾರ ಅವನನ್ನು ಸೇರಿಸಲಿಲ್ಲ. ಅವನ ಕಡೆ ನ್ಯಾಯ ಇದೆ ಎಂದು ಬಲ್ಲ ಸರ್ಕಾರವೇ, ಒಬ್ಬನಿಗೋಸ್ಕರ ಉಳಿದ ಜಾತಿಗಳು ಶಾಲೆ ಬಿಟ್ಟಾವು ಎಂದು ಹೆದರಿತು. ಲಂಡನ್ನಿನ ಕಂಪನಿಯ ಆಡಳಿತ ಮಂಡಳಿ ಆಮೇಲೆ, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ಸೇರಿದ್ದು ಎಂದು ಹೇಳಿತು. ಹೇಳಿದ್ದು ಕಾಗದದಲ್ಲಿ. ಆ ಹುಡುಗನ ಅರ್ಜಿ ನಮ್ಮ ಭಾಷೆಯ ನಾಡಿನಲ್ಲಿ ಹುಟ್ಟಿದ ದಲಿತ ಬರಹದ ಮೊದಮೊದಲ ಸಾಲುಗಳಲ್ಲಿ ಒಂದು ಎಂದು ನಮ್ಮ ಸಾಹಿತ್ಯ ಚರಿತ್ರೆಗಳು ಯಾಕೆ ಹೇಳುವುದಿಲ್ಲ?

ಈಗ ಹಾಡಿನ ಪ್ರಶ್ನೆಗೆ ಬರೋಣ. 1985ರ ಜುಲೈನಲ್ಲಿ ಕೇರಳದ ಒಂದು ಶಾಲೆಯಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಿದರು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಥದವರು. ರಾಷ್ಟ್ರಗೀತೆ ಹೇಳುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ತಮ್ಮ ದೇವರನ್ನು ಬಿಟ್ಟು ಬೇರೆಯದಕ್ಕೆ ಸ್ತುತಿ ಹಾಡಬಾರದು ಎಂಬುದು ಅವರ ನಂಬಿಕೆ. ಹೈಕೋರ್ಟು ಮಕ್ಕಳ ಕೈ ಹಿಡಿಯಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹಿಡಿಯಿತು. ಹಾಡಲೇಬೇಕೆಂಬ ಕಾನೂನು ಈ ದೇಶದಲ್ಲಿಲ್ಲ, ಎದ್ದು ನಿಂತದ್ದೇ ಗೌರವ, ಇಲಾಖೆಯ ಸುತ್ತೋಲೆ ಮೂಲಭೂತ ಹಕ್ಕನ್ನು ಮೀರಲಾರದು ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. 1990ರಲ್ಲಿ ವರದಿ ಕೊಟ್ಟ ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರೂ ಅವರೇ. ಜಾತಿಯ ಗಾಯವನ್ನೂ ಮೂವರು ಮಕ್ಕಳ ಮೌನವನ್ನೂ ಓದಬಲ್ಲ ಕಣ್ಣು ಒಂದೇ ಆಗಿತ್ತು ಎಂಬುದು ಸಣ್ಣ ಮಾತಲ್ಲ.

ಅಮೆರಿಕದಲ್ಲೂ ಇದೇ ಪಂಥದ ಮಕ್ಕಳಿಂದಲೇ ಈ ಪ್ರಶ್ನೆ ಎದ್ದಿತ್ತು. ಬಾವುಟಕ್ಕೆ ವಂದಿಸದ ಮಕ್ಕಳನ್ನು ಶಾಲೆಯಿಂದ ಹಾಕಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟು 1940ರಲ್ಲಿ ಹೇಳಿತು. ಆ ತೀರ್ಪಿನ ಬೆನ್ನಿಗೇ ಈ ಪಂಥದವರ ಮೇಲೆ ಊರೂರಲ್ಲಿ ಹಲ್ಲೆಗಳಾದವು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ಪಶ್ಚಿಮ ವರ್ಜೀನಿಯಾದ ಬಾರ್ನೆಟ್ ಪ್ರಕರಣದಲ್ಲಿ ಅದೇ ಕೋರ್ಟು ತನ್ನ ಮಾತನ್ನು ತಾನೇ ಅಳಿಸಿತು. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ದೇಶಭಕ್ತಿಯನ್ನು ಬಲವಂತದಿಂದ ಹುಟ್ಟಿಸಲಾಗದು ಎಂದು ಹೇಳುವುದಕ್ಕೆ ಧೈರ್ಯ ಬೇಕು. ನಮ್ಮ ಉದಾರವಾದಿ ಗೆಳೆಯರು ಇದನ್ನು ಭಾಷಣಗಳಲ್ಲಿ ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ. ಹೇಳಲಿ, ಸಂತೋಷ.

ಆದರೆ ದಲಿತ ಓದುಗ ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಅದೇ ಪಶ್ಚಿಮ ವರ್ಜೀನಿಯಾದಲ್ಲಿ, ಅದೇ 1943ರಲ್ಲಿ, ಬಿಳಿಯರ ಮಕ್ಕಳಿಗೂ ಕರಿಯರ ಮಕ್ಕಳಿಗೂ ಒಂದೇ ಶಾಲೆಯಲ್ಲಿ ಪಾಠ ಮಾಡಕೂಡದು ಎಂದು ಆ ರಾಜ್ಯದ ಸಂವಿಧಾನವೇ ಹೇಳುತ್ತಿತ್ತು. ಇಬ್ಬರೂ ಬೇರೆಬೇರೆ ಅಂಗಳಗಳಲ್ಲಿ ಒಂದೇ ಬಾವುಟಕ್ಕೆ ವಂದಿಸುತ್ತಿದ್ದರು. ಒಟ್ಟಿಗೆ ಕೂರುವ ಹಕ್ಕಿಗೆ 1954ರ ಬ್ರೌನ್ ತೀರ್ಪಿನವರೆಗೆ ಕಾಯಬೇಕಾಯಿತು. ಅಂದರೆ, ಸುಮ್ಮನಿರುವ ಹಕ್ಕು ಬೇಗ ಬರುತ್ತದೆ, ಜೊತೆಗೆ ಕೂರುವ ಹಕ್ಕು ತಡವಾಗಿ ಬರುತ್ತದೆ. ಯಾಕೆ? ಸುಮ್ಮನಿರುವ ಮಗುವನ್ನು ಸಹಿಸಿಕೊಂಡರೆ ಪಕ್ಕದ ಮಗು ಏನೂ ಬಿಟ್ಟುಕೊಡಬೇಕಾಗಿಲ್ಲ. ಜೊತೆಗೆ ಕೂರಿಸಿಕೊಳ್ಳಬೇಕಾದರೆ ತನ್ನ ಮೇಲರಿಮೆಯನ್ನೇ ಬಿಡಬೇಕು.

ಮೌನದಲ್ಲೂ ಎರಡು ಜಾತಿ ಇವೆ. ಕೇರಳದ ಮಕ್ಕಳದ್ದು ಆಯ್ದುಕೊಂಡ ಮೌನ. ನಮ್ಮದು ಹೇರಿದ ಮೌನ. ಶತಮಾನಗಳ ಕಾಲ ಮಂತ್ರ ಕೇಳಕೂಡದು, ಅಕ್ಷರ ಮುಟ್ಟಕೂಡದು ಎಂದು ಬಾಯಿ ಕಟ್ಟಿಸಿಕೊಂಡವರಿಗೆ, ಇಗೋ ನಿನಗೆ ಹಾಡದಿರುವ ಸ್ವಾತಂತ್ರ್ಯ ಎಂದರೆ ಅದು ಪೂರ್ತಿ ಸ್ವಾತಂತ್ರ್ಯವಾಗಿ ಕೇಳಿಸುವುದಿಲ್ಲ. ಸತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆ ಕೂರಬೇಕಾಗಿದ್ದ, ಜವಾನ ನಲ್ಲಿ ತಿರುಗಿಸದಿದ್ದರೆ ನೀರಿಲ್ಲದೆ ಒಣಗಬೇಕಾಗಿದ್ದ ಬಾಲಕ ಅಂಬೇಡ್ಕರರನ್ನು ನೆನೆಯಿರಿ. ಆ ಹುಡುಗನಿಗೆ ಮೊದಲು ಬೇಕಾಗಿದ್ದದ್ದು ವಿನಾಯಿತಿಯಲ್ಲ, ಪ್ರವೇಶ.

ವಿನಾಯಿತಿಯ ಒಳಗುಟ್ಟು ಇಂಗ್ಲೆಂಡಿನಲ್ಲಿ ಚೆನ್ನಾಗಿ ಕಾಣುತ್ತದೆ. 1944ರ ಶಿಕ್ಷಣ ಕಾಯ್ದೆ ಅಲ್ಲಿ ದಿನವೂ ಸಾಮೂಹಿಕ ಆರಾಧನೆ ನಡೆಯಲೇಬೇಕೆಂದಿತು. 1988ರ ಕಾಯ್ದೆ ಅದು ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ್ದಾಗಿರಬೇಕೆಂದು ಸೇರಿಸಿತು. ಬೇಡದ ತಂದೆತಾಯಿ ಮಗುವನ್ನು ಹೊರಗಿಡಬಹುದು. ಸರಿ, ಹೊರಗಿಟ್ಟ ಮಗು ಎಲ್ಲಿ ಕೂರಬೇಕು? ಬೇರೆ ಕೋಣೆಯಲ್ಲಿ. ಕಾನೂನಿಗೆ ಇದು ಹಕ್ಕು. ಆದರೆ 'ಹೊರಗೆ ಕೂರು' ಎಂಬ ಮಾತನ್ನು ಅಜ್ಜನ ಕಾಲದಿಂದ ಕೇಳಿಸಿಕೊಂಡು ಬಂದವರಿಗೆ ಅದು ಇನ್ನೊಂದು ಕೇರಿಯಂತೆ ಕಂಡರೆ ತಪ್ಪೇನು? ನಮ್ಮ ಸಂವಿಧಾನದ 28ನೇ ವಿಧಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು, ಉಳಿದ ಕಡೆ ಒಪ್ಪಿಗೆಯಿಲ್ಲದೆ ಯಾರನ್ನೂ ಆರಾಧನೆಗೆ ಎಳೆಯಕೂಡದು ಎನ್ನುತ್ತದೆ. ಹಾಗಾದರೆ ಸರ್ಕಾರಿ ಶಾಲೆಯ ಬೆಳಗಿನ ಸಂಸ್ಕೃತ ಪ್ರಾರ್ಥನೆ ಧರ್ಮಬೋಧನೆಯೋ ಅಲ್ಲವೋ? ಕೇಂದ್ರೀಯ ವಿದ್ಯಾಲಯಗಳ ಪ್ರಾರ್ಥನೆಯ ಬಗ್ಗೆ ಎದ್ದ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2019ರ ಜನವರಿಯಲ್ಲಿ ದೊಡ್ಡ ಪೀಠದ ಕಡೆಗೆ ಕಳಿಸಿದರು. ನನ್ನ ಕಾಯಿಗೆ ಅದಕ್ಕೂ ಮುಂಚೆಯೇ ಉತ್ತರ ಗೊತ್ತಿತ್ತು. ಎಲ್ಲರ ಸಂಸ್ಕೃತಿ ಎಂದು ಕರೆದ ಪೂಜೆಯಲ್ಲಿ ಒಬ್ಬರ ಕಾಯಿ ಕಿಟಕಿಯಲ್ಲಿ ಉಳಿದರೆ, ಅದು ಎಲ್ಲರ ಸಂಸ್ಕೃತಿ ಅಲ್ಲ.

ಈ ಚರ್ಚೆಯಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರದ ದೇಶ ಅಂದರೆ ಜಪಾನ್. ಅಲ್ಲೂ ಅಸ್ಪೃಶ್ಯರಿದ್ದಾರೆ. ಚರ್ಮ, ಕಸಾಯಿ ಕೆಲಸಗಳಿಗೆ ಕಟ್ಟಿಹಾಕಿದ ಬುರಾಕು ಜನ. 1871ರಲ್ಲಿ ಸರ್ಕಾರಿ ಆಜ್ಞೆ ಅವರ ಹೀನ ಅಂತಸ್ತನ್ನು ರದ್ದು ಮಾಡಿತು, ಸಮಾಜ ರದ್ದು ಮಾಡಲಿಲ್ಲ. 1922ರಲ್ಲಿ ಕ್ಯೋಟೋದಲ್ಲಿ ಅವರು ಸೂಯ್‌ಹೈಷಾ ಎಂಬ ಸಮಾನತೆಯ ಸಂಘ ಕಟ್ಟಿದರು. ಅವರ ನಾಯಕ ಮತ್ಸುಮೊತೊ ಜಿಇಚಿರೊ ಯುದ್ಧಾನಂತರ ಸಂಸತ್ತಿನ ಮೇಲ್ಮನೆಯ ಉಪಾಧ್ಯಕ್ಷರಾದರು. ಚಕ್ರವರ್ತಿಯ ಮುಂದೆ ಬೆನ್ನು ತೋರದೆ ಏಡಿಯಂತೆ ಅಡ್ಡಡ್ಡ ನಡೆಯಬೇಕೆಂಬ ಪದ್ಧತಿಯನ್ನು 1948ರಲ್ಲಿ ಅವರು ಒಪ್ಪಲಿಲ್ಲ. ಹುಟ್ಟಿನಿಂದ ಮೇಲಾದವನು ಒಬ್ಬ ಇರುವ ತನಕ ಹುಟ್ಟಿನಿಂದ ಕೀಳಾದವನೂ ಇರುತ್ತಾನೆ ಎಂಬುದು ಅವರ ತರ್ಕ. ಇದಕ್ಕಿಂತ ಸರಳವಾದ ದಲಿತ ತತ್ವಶಾಸ್ತ್ರ ಇನ್ನೊಂದಿದೆಯೆ?

ಜಪಾನಿನ 'ಕಿಮಿಗಾಯೊ' ಗೀತೆಯನ್ನು ಈ ತರ್ಕದ ಬೆಳಕಿನಲ್ಲಿ ಓದಬೇಕು. ಅದು ಚಕ್ರವರ್ತಿಯ ಆಳ್ವಿಕೆ ಯುಗಯುಗ ಬಾಳಲಿ ಎಂದು ಹಾರೈಸುವ ಗೀತೆ. ಹಿರೋಷಿಮಾ ಪ್ರಾಂತ್ಯದಲ್ಲಿ ಅಧ್ಯಾಪಕರ ಸಂಘ ಮತ್ತು ಬುರಾಕು ವಿಮೋಚನಾ ಸಂಘಟನೆ ಶಾಲೆಯ ಸಮಾರಂಭಗಳಲ್ಲಿ ಅದನ್ನು ಹಾಡಿಸುವುದನ್ನು ವಿರೋಧಿಸಿದ್ದವು. ಮೇಲಿನಿಂದ ಶಿಕ್ಷಣ ಮಂಡಳಿ ಹಾಡಿಸಲೇಬೇಕೆಂದು ಒತ್ತುತ್ತಿತ್ತು. 1999ರ ಫೆಬ್ರವರಿಯಲ್ಲಿ, ಪದವಿ ಸಮಾರಂಭದ ಹಿಂದಿನ ದಿನ, ಈ ಎರಡರ ನಡುವೆ ಸಿಕ್ಕಿದ ಒಬ್ಬ ಹೈಸ್ಕೂಲು ಮುಖ್ಯೋಪಾಧ್ಯಾಯರು ಜೀವ ಕಳೆದುಕೊಂಡರು. ಸರ್ಕಾರ ಆ ಸಾವನ್ನು ಮುಂದಿಟ್ಟುಕೊಂಡು ಅದೇ ಆಗಸ್ಟಿನಲ್ಲಿ ಬಾವುಟ ಮತ್ತು ಗೀತೆಯ ಕಾನೂನು ಮಾಡಿತು. 2003ರ ಅಕ್ಟೋಬರಿನಲ್ಲಿ ಟೋಕಿಯೊ ಶಿಕ್ಷಣ ಮಂಡಳಿ ಅಧ್ಯಾಪಕರು ಎದ್ದು ನಿಂತು ಹಾಡಲೇಬೇಕೆಂದು ಆಜ್ಞೆ ಹೊರಡಿಸಿತು. ಎದ್ದು ನಿಲ್ಲದ ನೂರಾರು ಅಧ್ಯಾಪಕರಿಗೆ ಶಿಕ್ಷೆಯಾಯಿತು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥ ಆಜ್ಞೆ ಸಂವಿಧಾನಬದ್ಧ ಎಂದಿತು.

ಆ ಮುಖ್ಯೋಪಾಧ್ಯಾಯರ ಸಾವು ಅಧಿಕಾರಸ್ಥರಿಗೆ ಮಾತ್ರ ಪ್ರಶ್ನೆಯಲ್ಲ, ನಮ್ಮಂಥ ಚಳವಳಿಗಾರರಿಗೂ ಪ್ರಶ್ನೆ. ನ್ಯಾಯವಾದ ಬೇಡಿಕೆಯೂ ನಡುವೆ ನಿಂತ ಒಬ್ಬ ಮನುಷ್ಯನನ್ನು ಹಿಸುಕಬಹುದು. ನನ್ನ ಮೇಷ್ಟ್ರ ನೆನಪಾಗುತ್ತದೆ. ಅವರು ಕೆಟ್ಟವರಲ್ಲ. ನನಗೆ ಅಕ್ಷರ ತಿದ್ದಿಸಿದವರು ಅವರೇ. ಊರಿನವರ ಭಯ ಅವರ ಬಾಯಿಂದ 'ಕಿಟಕಿ ಹತ್ರ ಇಡೋ' ಅಂತ ಮಾತಾಡಿತು. ಧಾರವಾಡದಲ್ಲಿ ಒಂದು ಸರ್ಕಾರಕ್ಕೇ ಇದ್ದ ಭಯ ಅದು. ಭಯವನ್ನು ಅರ್ಥ ಮಾಡಿಕೊಳ್ಳಬೇಕು, ಕ್ಷಮಿಸಿ ಮರೆಯಬೇಕಾಗಿಲ್ಲ.

ನಾವು ಜಪಾನಿನವರಿಗಿಂತ ಅದೃಷ್ಟವಂತರೇ? ಒಂದು ಅರ್ಥದಲ್ಲಿ ಹೌದು. ಮೈಸೂರು ಸಂಸ್ಥಾನಕ್ಕೆ ಇದ್ದ ಗೀತೆ ಬಸಪ್ಪ ಶಾಸ್ತ್ರಿಗಳು ಬರೆದ 'ಕಾಯೌ ಶ್ರೀಗೌರಿ'. ಅರಸನನ್ನು ಕಾಪಾಡು ಎಂದು ದೇವಿಯಲ್ಲಿ ಬೇಡುವ ಹಾಡು. ಅರಸು, ದೇವರು, ನಾಡು ಮೂರೂ ಅದರಲ್ಲಿ ಒಂದೇ ಗಂಟು. ಆ ಗಂಟನ್ನು ಬಿಚ್ಚಿದ್ದು ಸಂವಿಧಾನ. 1950ರ ನಂತರ ನಾವು ನಿಂತ ಸಾಲಿನಲ್ಲಿ ಅರಸನಿಲ್ಲ. ನನ್ನ ಗಂಟಲು ಜನಗಣಮನಕ್ಕೆ ಜೋರಾಗಿದ್ದದ್ದಕ್ಕೆ ಕಾರಣ ಅದು. ಆ ಹಾಡು ಬೇಡ ಎಂದು ನಾನು ಹೇಳಲಾರೆ. ಹಾಡದ ಮಗುವನ್ನು ಹೊರಹಾಕಿ ಎಂದೂ ಹೇಳಲಾರೆ. ಯಾಕೆಂದರೆ ಇಂದು ಆ ಮಗುವನ್ನು ಹೊರದಬ್ಬುವ ಕೈ ನನಗೆ ಪರಿಚಯದ ಕೈ. ಅದು ನಿನ್ನೆ ನನ್ನ ಕಾಯಿಯನ್ನು ಕಿಟಕಿಗೆ ಕಳಿಸಿತ್ತು.

2023ರ ಜೂನ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು ತೀರ್ಮಾನ ಮಾಡಿದಾಗ ನಮ್ಮಲ್ಲಿ ಹಲವರು ಖುಷಿಪಟ್ಟೆವು. ನಾನೂ ಪಟ್ಟೆ. ಆದರೆ ಅದು ಕೂಡ ದಿನಾ ಒಪ್ಪಿಸುವ ಶ್ಲೋಕವಾದರೆ? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಇದೇ ವಿಷಯ. ರಾಜಕೀಯದಲ್ಲಿ ಭಕ್ತಿ ಬೆರೆತರೆ ಅಧೋಗತಿ, ಕೊನೆಗೆ ಸರ್ವಾಧಿಕಾರ. ಭಕ್ತಿಯಿಂದ ಓದಿದ ಪೀಠಿಕೆಗೂ ಅರ್ಥವಿಲ್ಲದೆ ಹೇಳಿದ ಮಂತ್ರಕ್ಕೂ ವ್ಯತ್ಯಾಸ ಕಮ್ಮಿ. ಪೀಠಿಕೆಯಲ್ಲಿ ಭ್ರಾತೃತ್ವ ಎಂಬ ಪದ ಬಂದಾಗ ಒಂದು ಮಗು ಎದ್ದು, 'ಸಾರ್, ಹಾಗಾದ್ರೆ ನಮ್ಮ ಕೇರಿಯ ಅಕ್ಕ ಮಾಡಿದ ಬಿಸಿಯೂಟ ಅವರ್ಯಾಕೆ ಉಣ್ಣಲ್ಲ?' ಎಂದು ಕೇಳಬಹುದಾದರೆ ಆ ಓದು ಸಾರ್ಥಕ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2004ರಲ್ಲಿ. ಆಮೇಲೂ ದಲಿತ ಹೆಂಗಸು ಬೇಯಿಸಿದಳೆಂದು ಮಕ್ಕಳನ್ನು ಊಟ ಬಿಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಆದ್ದರಿಂದ ಯಾವುದೇ ದೇಶದ ಶಾಲೆಯ ಹಾಡನ್ನೋ ಪ್ರಾರ್ಥನೆಯನ್ನೋ ಅಳೆಯಲು ದಲಿತ ವಿಮರ್ಶೆಯ ಬಳಿ ಒಂದು ಸಾದಾ ಅಳತೆಗೋಲಿದೆ. ಹಾಡು ಯಾವುದು, ಭಾಷೆ ಯಾವುದು ಎಂಬ ಪ್ರಶ್ನೆ ಆಮೇಲೆ. ಸಾಲು ಚದುರಿದ ಮೇಲೆ ಏನಾಗುತ್ತದೆ ಎಂಬುದು ಮೊದಲು. ಎತ್ತರದ ಪ್ರಕಾರ ನಿಂತ ಮಕ್ಕಳು ಊಟದ ಹೊತ್ತಿಗೆ ಹೇಗೆ ಕೂರುತ್ತಾರೆ? ಬಾಯಿ ಮುಚ್ಚಿ ನಿಂತ ಮಗುವಿನ ಜೊತೆ ಆಟಕ್ಕೆ ಯಾರು ಸೇರುತ್ತಾರೆ? ಕಿಟಕಿಯಲ್ಲಿ ಯಾರ ಮನೆಯ ಕಾಯಿ ಉಳಿದಿದೆ?

ಅವ್ವನಿಗೆ ಈಗ ವಯಸ್ಸಾಗಿದೆ. ಮೊನ್ನೆ ಈ ಕತೆ ನೆನಪಿಸಿದೆ. 'ಆ ಕಾಯಿ ಚೆನ್ನಾಗಿತ್ತು ಕನ ಮಗ, ಸಾರಿಗೆ ಒಳ್ಳೆ ರುಚಿ ಬಂದಿತ್ತು' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ದುಡ್ಡು ತೀರ್ಸೋಕೆ ಮೂರು ದಿನದ ಕೂಲಿ ಹೋಯ್ತು' ಅಂದಳು.