ಪ್ರವೇಶಪರೀಕ್ಷೆಯೂ ವಿದ್ಯಾರ್ಥಿವೈವಿಧ್ಯವೂ: ಒಂದು ವಿಮರ್ಶೆ

ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶಕ್ಕೆ ಸ್ಪರ್ಧಾಪರೀಕ್ಷೆ ಇರಬೇಕೆ, ಬೇಡವೆ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಮತ್ತೆ ಎದ್ದಿದೆ. 2024ರ ಜುಲೈ ತಿಂಗಳಲ್ಲಿ ರಾಜ್ಯದ ವಿಧಾನಮಂಡಲವು ವೈದ್ಯಕೀಯ ಪ್ರವೇಶದ ‘ನೀಟ್’ ಪರೀಕ್ಷೆಯನ್ನು ವಿರೋಧಿಸಿ ನಿರ್ಣಯವನ್ನು ಅಂಗೀಕರಿಸಿತು. ಪರೀಕ್ಷೆಯನ್ನು ತೆಗೆದುಹಾಕಿದೊಡನೆ ಹಳ್ಳಿಯ ಮಕ್ಕಳಿಗೆ ಬಾಗಿಲು ತಾನಾಗಿ ತೆರೆಯುವುದೆಂಬ ಮಾತು ಅಧ್ಯಾಪಕವರ್ಗದಲ್ಲಿಯೂ ಕೇಳಿಬರುತ್ತಿದೆ. ಈ ಅಭಿಪ್ರಾಯವನ್ನು ನಮ್ಮ ರಾಜ್ಯದ ಚರಿತ್ರೆಯ ಒರೆಗಲ್ಲಿಗೆ ಹಚ್ಚಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನಮಗೆ ಇದು ಬರಿಯ ತಾತ್ವಿಕ ಪ್ರಶ್ನೆಯಲ್ಲ. ರೇಷ್ಮೆನೂಲು ಬಿಚ್ಚುವವರ, ಬೊಂಬೆ ಮಾಡುವವರ, ರಾಗಿ ಬೆಳೆಯುವವರ ಮಕ್ಕಳು ನಮ್ಮ ಮುಂದೆ ಕುಳಿತಿರುತ್ತಾರೆ. ಬೆಂಗಳೂರು ಇವರಿಗೆ ಹತ್ತಿರದಲ್ಲಿಯೇ ಇದೆ. ಆದರೆ ಅಲ್ಲಿನ ತರಬೇತಿ ಕೇಂದ್ರಗಳ ಶುಲ್ಕವು ಬಹುಮಂದಿಗೆ ಎಟುಕದು. ಆದುದರಿಂದ ಪರೀಕ್ಷೆಯನ್ನು ದೂರುವವರ ನೋವು ನಮಗೆ ಅಪರಿಚಿತವಲ್ಲ. ನಾವೂ ಒಂದು ಕಾಲಕ್ಕೆ ಅವರ ಮಾತನ್ನೇ ಆಡುತ್ತಿದ್ದೆವು.

ಮೈಸೂರು ಸಂಸ್ಥಾನದಲ್ಲಿ ಈ ವಾದವು ಮೊದಲು ತಲೆದೋರಿದುದು ಸರ್ಕಾರಿ ಹುದ್ದೆಗಳ ವಿಷಯದಲ್ಲಿ. ಪರೀಕ್ಷೆಯಲ್ಲಿ ಗೆದ್ದವರೇ ಅರ್ಹರೆಂಬ ನಿಯಮದಿಂದ ಹುದ್ದೆಗಳು ಬಹುಮಟ್ಟಿಗೆ ಒಂದೇ ವರ್ಗದ ಕೈಸೇರಿದುವು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಅರ್ಹತೆಗೆ ಧಕ್ಕೆಯಾದೀತೆಂದು ಶಂಕಿಸಿದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷ ಅಧಿಕಾರವನ್ನು ಬಿಟ್ಟರು. ದಕ್ಷತೆಯನ್ನು ಪರೀಕ್ಷೆಯ ಯೋಗ್ಯತೆಯೊಂದರಿಂದಲೇ ಅಳೆಯಲಾಗದೆಂಬುದು 1919ರ ವರದಿಯ ನಿಲುವು. ಗಮನಿಸತಕ್ಕ ಅಂಶವೇನೆಂದರೆ, ಸಮಿತಿಯು ಪರೀಕ್ಷೆಯನ್ನು ಹಳಿದು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಸಲ್ಲಬೇಕಾದ ಪಾಲನ್ನೂ ಅದನ್ನು ಸಾಧಿಸತಕ್ಕ ಅವಧಿಯನ್ನೂ ಸೂಚಿಸಿತು. ವಿದ್ಯಾರ್ಥಿವೇತನಗಳ ಅಗತ್ಯವನ್ನೂ ಹೇಳಿತು.

ಎರಡನೆಯ ನಿದರ್ಶನವು ಕಾಲೇಜು ಪ್ರವೇಶಕ್ಕೇ ಸಂಬಂಧಿಸಿದುದು. 1962ರ ಜುಲೈನಲ್ಲಿ ಮೈಸೂರು ಸರ್ಕಾರವು ವೈದ್ಯಕೀಯ ಹಾಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡ 68ರಷ್ಟು ಸ್ಥಾನಗಳನ್ನು ಕಾದಿರಿಸಿತು. ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ಸೆಪ್ಟೆಂಬರಿನಲ್ಲಿ ಈ ಆಜ್ಞೆಯನ್ನು ತಳ್ಳಿಹಾಕಿತು. 1963ರಲ್ಲಿ ಸರ್ಕಾರವು ಉದ್ಯೋಗ ಮತ್ತು ಆರ್ಥಿಕ ಸ್ಥಿತಿಗಳ ಆಧಾರದ ಮೇಲೆ ಹೊಸ ವರ್ಗೀಕರಣವನ್ನು ಮಾಡಿತಲ್ಲದೆ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡ 25ರಷ್ಟನ್ನು ಸಂದರ್ಶನಕ್ಕೆ ಗೊತ್ತುಪಡಿಸಿತು. ಸಾಮಾನ್ಯಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಕ್ರೀಡೆ, ಚರ್ಚಾಸ್ಪರ್ಧೆ, ನಾಟಕ ಮೊದಲಾದುವು ಈ ಅಂಕಗಳಿಗೆ ಆಧಾರ. 1964ರ ಚಿತ್ರಲೇಖಾ ಮೊಕದ್ದಮೆಯಲ್ಲಿ ನ್ಯಾಯಾಲಯದ ಬಹುಮತವು ಸಂದರ್ಶನ ಪದ್ಧತಿಯು ತನ್ನಷ್ಟಕ್ಕೆ ದೋಷಯುಕ್ತವಲ್ಲವೆಂದು ಹೇಳಿತು.

ಕಾನೂನಿನ ಮಾತು ಹಾಗಿರಲಿ. ಅಂದು ಮಾಗಡಿಯ ಹೋಬಳಿಯೊಂದರಿಂದ ಬಂದ ಹುಡುಗನು ಆ ಮೇಜಿನ ಮುಂದೆ ನಿಂತುದನ್ನು ಊಹಿಸಿಕೊಂಡರೆ ಸಾಕು. ಅವನ ಶಾಲೆಯಲ್ಲಿ ಎನ್.ಸಿ.ಸಿ. ಇತ್ತೆ? ಚರ್ಚಾಕೂಟವಿತ್ತೆ? ಅಂಕಪಟ್ಟಿಯು ಅವನಿಗೆ ಅನ್ಯಾಯ ಮಾಡಿದ್ದೀತು, ಆದರೆ ಆ ಅನ್ಯಾಯವು ಕಾಗದದ ಮೇಲೆ ಕಾಣುತ್ತಿತ್ತು. ವ್ಯಕ್ತಿತ್ವಕ್ಕೆ ಕಳೆದುಹೋದ ಅಂಕಕ್ಕೆ ಸಾಕ್ಷ್ಯವೆಲ್ಲಿ? ಪರೀಕ್ಷೆಯ ತೂಕವನ್ನು ಇಳಿಸಿದಲ್ಲಿ ಆ ತೆರವನ್ನು ಮತ್ತಾವುದೋ ಅಳತೆಯು ತುಂಬಿಯೇ ತುಂಬುತ್ತದೆ. ಆ ಅಳತೆಯು ಯಾರ ಮನೆಯಲ್ಲಿ ತಯಾರಾದುದೆಂಬುದನ್ನು ಕೇಳದವನು ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದಂತಾಯಿತು.

ಅಮೆರಿಕದ ಈಚಿನ ಅನುಭವವೂ ಈ ಮಾತನ್ನೇ ಸಮರ್ಥಿಸುತ್ತದೆ. 2020ರ ಮಹಾಮಾರಿಯ ಕಾಲದಲ್ಲಿ ಅಲ್ಲಿನ ಹೆಸರಾಂತ ಕಾಲೇಜುಗಳು ಪರೀಕ್ಷಾಂಕಗಳನ್ನು ಐಚ್ಛಿಕವಾಗಿಸಿದುವು. ಡಾರ್ಟ್‌ಮತ್ ಕಾಲೇಜು 2024ರಲ್ಲಿ ಅವನ್ನು ಮತ್ತೆ ಕಡ್ಡಾಯಗೊಳಿಸಿತು. ತಮಗೆ ಅನುಕೂಲವಾಗಬಹುದಾಗಿದ್ದ ಅಂಕಗಳನ್ನೇ ಬಡ ವಿದ್ಯಾರ್ಥಿಗಳು ಸಾಲದೆಂದು ಭಾವಿಸಿ ಮುಚ್ಚಿಟ್ಟಿದ್ದರೆಂಬುದು ಅಲ್ಲಿನ ಪ್ರಾಧ್ಯಾಪಕರ ಅಧ್ಯಯನದಿಂದ ತಿಳಿದುಬಂದಿತ್ತು.

ಹಾಗೆಂದು ಪರೀಕ್ಷೆಯೊಂದೇ ನ್ಯಾಯವೆನ್ನುವವರ ಪಕ್ಷವನ್ನು ನಾವು ವಹಿಸುವುದಿಲ್ಲ. ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯು ಬಹುಕಾಲದಿಂದ ನಡೆದುಬಂದಿದೆ. ಎಂಜಿನಿಯರಿಂಗ್ ಪ್ರವೇಶದಲ್ಲಿ ಅದರ ಅಂಕಗಳಿಗೂ ದ್ವಿತೀಯ ಪಿ.ಯು.ಸಿ. ಅಂಕಗಳಿಗೂ ಸಮಪಾಲನ್ನು ಕೊಡುವ ರೂಢಿಯಿದೆ. ಪಿ.ಯು.ಸಿ. ಪರೀಕ್ಷೆ ರದ್ದಾದ 2021ರಲ್ಲಿ ಮಾತ್ರ ಪ್ರವೇಶಪರೀಕ್ಷೆಯೊಂದೇ ನಿರ್ಣಾಯಕವಾಯಿತು. ಎರಡು ವರ್ಷಗಳ ಓದಿಗೂ ಎರಡು ದಿನಗಳ ಪರೀಕ್ಷೆಗೂ ಸಮಪಾಲು ಕೊಡುವುದು ವಿವೇಕದ ಮಾರ್ಗವೆಂದೇ ನಮ್ಮ ಎಣಿಕೆ. ಇದರ ಜೊತೆಗೆ ಗ್ರಾಮೀಣ ವ್ಯಾಸಂಗಕ್ಕೆ ಶೇಕಡ 15, ಕನ್ನಡ ಮಾಧ್ಯಮಕ್ಕೆ ಶೇಕಡ 5 ಎಂಬ ಮೀಸಲಾತಿಗಳಿವೆ. ಇವು ಪರೀಕ್ಷೆಯನ್ನು ಅಳಿಸದೆ, ಅಂಕ ಬಂದ ನೆಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಉಪಾಯಗಳು. ದೋಷವು ಇವುಗಳಲ್ಲಿಯೂ ಉಂಟು. ರಾಮನಗರದ ನಗರಸಭೆಯ ಎಲ್ಲೆಯೊಳಗೆ ಉರ್ದು ಶಾಲೆಯಲ್ಲಿ ಓದಿದ ನೂಲುಬಿಚ್ಚುವವನ ಮಗಳಿಗೆ ಮೊದಲನೆಯದೂ ಸಲ್ಲದು, ಎರಡನೆಯದೂ ಸಲ್ಲದು. ಅವಳ ಬಡತನವಾದರೋ ಹಳ್ಳಿಯ ಬಡತನಕ್ಕಿಂತ ಹಗುರವಾದುದಲ್ಲ. ತಿದ್ದುಪಡಿಯಾಗಬೇಕಾದುದು ಇಂತಹ ಕಡೆಯಲ್ಲಿ.

ಒಟ್ಟಿನಲ್ಲಿ ನಮ್ಮ ಕಾಲೇಜುಗಳಲ್ಲಿ ನಾನಾ ವರ್ಗದ ಮಕ್ಕಳು ಇಂದು ಒಟ್ಟಿಗೆ ಕುಳಿತಿದ್ದಾರೆಂದರೆ ಅದು ಪರೀಕ್ಷೆಯನ್ನು ಬಿಟ್ಟುದರ ಫಲವಲ್ಲ. ಪಾಲನ್ನು ಬಹಿರಂಗವಾಗಿ ಹೇಳಿ, ಬಹಿರಂಗವಾಗಿ ವಾದಿಸಿ, ನ್ಯಾಯಾಲಯದಲ್ಲಿ ಸೋತು ಮತ್ತೆ ತಿದ್ದಿ ಬರೆದುದರ ಫಲ. ಅಳತೆಗೋಲು ಎಲ್ಲರ ಕಣ್ಣಿಗೆ ಕಾಣುವಂತಿರಬೇಕು, ಅಳೆಯುವ ಮುನ್ನ ನೆಲದ ಏರುತಗ್ಗುಗಳೂ ಲೆಕ್ಕಕ್ಕೆ ಬರಬೇಕು. ಇವೆರಡರಲ್ಲಿ ಒಂದನ್ನು ಬಿಟ್ಟರೂ ಹೊರಗುಳಿಯುವವರು ನಮ್ಮ ಮುಂದಿನ ಬೆಂಚಿನಲ್ಲಿ ಕುಳಿತಿರುವ ಮಕ್ಕಳೇ ಎಂಬುದನ್ನು ಅಧ್ಯಾಪಕರಾದ ನಾವು ಮರೆಯತಕ್ಕದ್ದಲ್ಲ.