ಮನೆಯ ಸುತ್ತಣ ನೆಲದ ಮಾತುಗಳು: ಕೊಡಗಿನ ಕೆಲವು ಶಬ್ದಗಳ ಅರ್ಥವಿಮರ್ಶೆ

೧

ಕಾವ್ಯಗಳಲ್ಲಿ ಬರುವ ಅಪೂರ್ವಶಬ್ದಗಳ ಅರ್ಥನಿರ್ಣಯಕ್ಕಾಗಿ ಪಂಡಿತರು ಪಟ್ಟಿರುವ ಶ್ರಮವು ಅಲ್ಪವಲ್ಲ. ದಿನವೂ ಬಾಯಲ್ಲಿರುವ ಮಾತುಗಳಿಗೆ ಈ ಭಾಗ್ಯವು ಒದಗುವುದು ವಿರಳ. ಅವುಗಳ ಅರ್ಥವು ಎಲ್ಲರಿಗೂ ತಿಳಿದೇ ಇದೆಯೆಂದು ಭಾವಿಸಿ ನಿಘಂಟುಕಾರರು ಎರಡು ಮಾತುಗಳಲ್ಲಿ ಮುಗಿಸಿಬಿಡುತ್ತಾರೆ. ಅಂಗಳ, ಹಿತ್ತಲು, ಕಣ, ಮಂದು, ಬಾಣೆ, ಹಾಡಿ ಮೊದಲಾಗಿ ಮನೆಯ ಸುತ್ತುಮುತ್ತಲಿನ ನೆಲವನ್ನು ಹೆಸರಿಸುವ ಶಬ್ದಗಳು ಈ ಉಪೇಕ್ಷೆಗೆ ಗುರಿಯಾದವು. ಅಂಗಳವೆಂದರೆ ಮನೆಯ ಮುಂದಣ ಬಯಲು, ಹಿತ್ತಲೆಂದರೆ ಹಿಂದಣ ಬಯಲು ಎಂದೊಡನೆ ಅರ್ಥಕಥನವು ಪೂರ್ಣವಾದಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಇದು ಅರ್ಧಾರ್ಥವೇ ಹೊರತು ಪೂರ್ಣಾರ್ಥವಲ್ಲ. ನೆಲವು ಎಲ್ಲಿದೆಯೆಂಬುದನ್ನಲ್ಲದೆ, ಅದರಲ್ಲಿ ಯಾರು ಕಾಲಿಡಬಹುದು, ಅದರಿಂದ ಯಾರು ಏನನ್ನು ಕೊಂಡೊಯ್ಯಬಹುದು ಎಂಬುದನ್ನೂ ಈ ಶಬ್ದಗಳು ತಿಳಿಸುತ್ತವೆ. ಈ ಎರಡನೆಯ ಅರ್ಥಾಂಶವನ್ನು ಬಿಟ್ಟರೆ ಶಬ್ದಜ್ಞಾನಕ್ಕೆ ಲೋಪ ಬರುವುದಲ್ಲದೆ, ಕೆಲವು ವೇಳೆ ಆ ನೆಲವನ್ನೇ ನಂಬಿದವರ ಬಾಳಿಗೂ ಲೋಪ ಬರುವುದುಂಟು.

ಈ ಮಾತನ್ನು ಪರೀಕ್ಷಿಸುವುದಕ್ಕೆ ಕೊಡಗಿನ ತಿತಿಮತಿಯು ತಕ್ಕ ಸ್ಥಳವಾಗಿದೆ. ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಹೋಗುವ ಹೆದ್ದಾರಿಯು ಆನೆಚೌಕೂರಿನ ಕಾಡನ್ನು ದಾಟಿದ ಮೇಲೆ ಸಿಕ್ಕುವ ಈ ಊರು ನಾಗರಹೊಳೆಯ ಅರಣ್ಯದ ಅಂಚಿನಲ್ಲಿದೆ. ಗದ್ದೆಗಳನ್ನು ಹೊಂದಿರುವ ಮನೆತನಗಳ ಮನೆಗಳೂ, ಕಾಫಿಯ ತೋಟಗಳೂ, ತೋಟದಾಳುಗಳು ವಾಸಮಾಡುವ ಲೈನ್‌ಮನೆಗಳೂ, ಜೇನುಕುರುಬರು ಯರವರು ಮೊದಲಾದವರ ಹಾಡಿಗಳೂ ಈ ಸೀಮೆಯಲ್ಲಿ ಒಂದರ ಮಗ್ಗುಲಲ್ಲೊಂದಿವೆ. ಕೊಡವ, ಕನ್ನಡ, ಮಲಯಾಳ, ಯರವ ಭಾಷೆಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಇಂತಹ ಎಡೆಯಲ್ಲಿ ಒಂದು ಭಾಷೆಯ ಮಾತು ಮತ್ತೊಂದಕ್ಕೆ ದಾಟುವಾಗ ಯಾವ ಅರ್ಥವನ್ನು ಹೊತ್ತು ತರುತ್ತದೆ, ಯಾವುದನ್ನು ಗಡಿಯಲ್ಲಿಯೇ ಇಳಿಸಿ ಬರುತ್ತದೆ ಎಂಬುದು ಸ್ಪಷ್ಟವಾಗಿ ಕಾಣುವುದು.

೨

ಮೊದಲು ಹಿತ್ತಲನ್ನು ನೋಡಬಹುದು. ಹಳಗನ್ನಡದಲ್ಲಿ ಇದರ ರೂಪವು ಪಿತ್ತಿಲ್ ಎಂಬುದು. ಹತ್ತನೆಯ ಶತಮಾನದ ಸುಮಾರಿನಿಂದ ಕನ್ನಡದಲ್ಲಿ ಪದಾದಿಯ ಪಕಾರವು ಹಕಾರವಾಗತೊಡಗಿದ ನಿಯಮಕ್ಕೆ ಅನುಸಾರವಾಗಿ ಇದು ಹಿತ್ತಿಲ್, ಹಿತ್ತಲು ಎಂದಾಯಿತು. ಕೊಡವ ಭಾಷೆಯು ಈ ಮಾರ್ಪಾಟಿಗೆ ಒಳಗಾಗದೆ ಪಕಾರವನ್ನು ಉಳಿಸಿಕೊಂಡಿದೆ. ಹೊಸ ಅಕ್ಕಿಯ ಹಬ್ಬವಾದ ಪುತ್ತರಿಯು ಕನ್ನಡಿಗರ ಬಾಯಲ್ಲಿ ಹುತ್ತರಿಯಾದದ್ದೂ, ಪಂಜೆ ಮಂಗೇಶರಾಯರು (೧೮೭೪–೧೯೩೭) ತಮ್ಮ ಪ್ರಸಿದ್ಧಗೀತಕ್ಕೆ ‘ಹುತ್ತರಿ ಹಾಡು’ ಎಂದೇ ಹೆಸರಿಟ್ಟದ್ದೂ ವಾಚಕರಿಗೆ ತಿಳಿದ ವಿಷಯ. ಇಷ್ಟರ ಮಟ್ಟಿಗೆ ಭಾಷಾಶಾಸ್ತ್ರವು ನಮಗೆ ದಾರಿತೋರುತ್ತದೆ.

ಆದರೆ ಶಬ್ದದ ರೂಪವನ್ನು ತಿಳಿದ ಮಾತ್ರಕ್ಕೆ ಅದರ ಸತ್ವವು ತಿಳಿದಂತಾಗಲಿಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯಲ್ಲಿ ಹಿತ್ತಲನ್ನು ತೆಗೆದು ಮನೆಯ ಹಿಂದಣ ನೆಲವೆಂದು ಹೇಳಿ ನೋಡಿದರೆ ಗಾದೆಯ ಮೊನೆಯೇ ಮುರಿಯುವುದು. ಕೈಗೆಟುಕುವುದು, ತನ್ನದೇ ಆದದ್ದು, ಕೇಳದೆ ಕಿತ್ತುಕೊಳ್ಳಬಹುದಾದದ್ದು ಎಂಬ ಭಾವವು ಹಿತ್ತಲೆಂಬ ಮಾತಿನೊಳಗೇ ಇದೆ. ಅದರಿಂದಲೇ ಅಲ್ಲಿಯ ಗಿಡಕ್ಕೆ ಬೆಲೆಯಿಲ್ಲ. ಅಂಗಳವಾದರೋ ಇದಕ್ಕೆ ಪ್ರತಿಯಾದದ್ದು. ಅದು ಮನೆಯವರದೇ ಆದರೂ ಬಂದವರಿಗಾಗಿ ಗುಡಿಸಿ ಸಾರಿಸಿದ ನೆಲ. ಅಪರಿಚಿತನು ಅಂಗಳದಲ್ಲಿ ನಿಂತು ಕೂಗಿದರೆ ಅವನು ಅತಿಥಿ. ಹಿತ್ತಲಲ್ಲಿ ನಿಂತರೆ ಅವನನ್ನು ಯಾರೆಂದು ಕೇಳಲೇಬೇಕು. ಮುಂದು ಹಿಂದು ಎಂಬ ದಿಕ್ಕಿನ ಭೇದಕ್ಕಿಂತ ಈ ಆಚಾರದ ಭೇದವೇ ಈ ಎರಡು ಶಬ್ದಗಳನ್ನು ಬೇರ್ಪಡಿಸುವುದು.

ಕಣವೆಂಬ ಶಬ್ದದ ಚರಿತ್ರೆಯು ಇನ್ನೂ ಬೋಧಪ್ರದವಾಗಿದೆ. ಕಳ, ಕಣ ಎಂಬೆರಡು ರೂಪಗಳೂ ಕನ್ನಡದಲ್ಲಿವೆ. ತಮಿಳಿನ ಕಳಮ್ ಇವುಗಳ ಸೋದರಶಬ್ದ. ಪೈರನ್ನು ಒಕ್ಕುವ ನೆಲವೆಂಬುದು ನಿಘಂಟಿನ ಅರ್ಥ. ಆದರೆ ಹಳೆಯ ಗ್ರಾಮವ್ಯವಸ್ಥೆಯಲ್ಲಿ ಕಣವು ಒಕ್ಕುವ ಸ್ಥಳ ಮಾತ್ರವಾಗಿರದೆ ಹಂಚುವ ಸ್ಥಳವೂ ಆಗಿತ್ತು. ಕಮ್ಮಾರ, ಬಡಗಿ, ಅಗಸ ಮೊದಲಾದ ಆಯಗಾರರಿಗೆ ಸಲ್ಲಬೇಕಾದ ಪಾಲನ್ನು ರಾಶಿಯ ಬಳಿಯಲ್ಲಿ ಅಳೆದುಕೊಡುತ್ತಿದ್ದರು. ಕೊಡಗಿನಲ್ಲಿ ೧೮೫೪ರಲ್ಲಿ ಮಡಿಕೇರಿಯ ಬಳಿ ಮೊದಲ ಯೂರೋಪಿಯನ್ ಕಾಫಿತೋಟವು ಆರಂಭವಾಯಿತು; ಕಾಫಿಯು ಹಬ್ಬಿದಂತೆ ಹಣ್ಣನ್ನು ಒಣಗಿಸುವ ನೆಲಕ್ಕೂ ಕಣವೆಂಬ ಹೆಸರೇ ಸಂದಿತು. ಇಂದು ಆ ಸೀಮೆಯಲ್ಲಿ ಕಣವೆಂದರೆ ಮೊದಲು ನೆನಪಿಗೆ ಬರುವುದು ಕಾಫಿಯ ಕಣವೇ. ತೋಟವೆಂಬ ಶಬ್ದಕ್ಕೂ ಇದೇ ಗತಿಯಾಗಿ, ವಿಶೇಷಣವಿಲ್ಲದೆ ತೋಟವೆಂದರೆ ಕಾಫಿಯ ತೋಟವೆಂದೇ ಅರ್ಥವಾಗುತ್ತದೆ. ಕಣದ ಮೇಲೆ ಕಾಫಿ ಹರಡಿತು, ಹೆಸರು ಉಳಿಯಿತು. ಆದರೆ ಕಣದಲ್ಲಿ ಪಾಲು ಅಳೆಯುವ ಪದ್ಧತಿಯು ಹೆಸರಿನ ಸಂಗಡ ಬರಲಿಲ್ಲ. ಅಲ್ಲಿ ದುಡಿದವರಿಗೆ ದೊರೆಯುವುದು ದಿನಗೂಲಿ. ಎರಡು ಅರ್ಥಗಳನ್ನೂ ಒಂದರ ಕೆಳಗೊಂದು ಬರೆದುಬಿಡುವ ನಿಘಂಟು ಈ ಅಂತರವನ್ನು ಮುಚ್ಚುತ್ತದೆ.

೩

ಮಂದು ಎಂಬ ಕೊಡವ ಶಬ್ದವು ವ್ಯುತ್ಪತ್ತಿಯನ್ನೇ ನಂಬಿದವರಿಗೆ ಒಳ್ಳೆಯ ಪರೀಕ್ಷೆಯಾಗಿದೆ. ಬರೋ ಮತ್ತು ಎಮೆನೊ ವಿದ್ವಾಂಸರು ೧೯೬೧ರಲ್ಲಿ ಪ್ರಕಟಿಸಿದ ದ್ರಾವಿಡ ಜ್ಞಾತಿಪದಕೋಶದಲ್ಲಿ ಈ ಶಬ್ದವನ್ನು ಅದರ ಬಳಗದೊಡನೆ ಕಾಣಬಹುದು. ತಮಿಳಿನ ಮನ್ಱು ಸಭೆ ಸೇರುವ ಸ್ಥಳ. ನೀಲಗಿರಿಯ ತೋಡರಲ್ಲಿ ಅದೇ ಶಬ್ದವು ಎಮ್ಮೆಗಳೊಡನೆ ಅವರು ನೆಲಸುವ ಎಡೆ. ಕನ್ನಡದ ಮಂದೆಯು ಪಶುಗಳ ಗುಂಪು. ಕೊಡವದ ಮಂದು ಊರಿನವರು ಸೇರಿ ಕುಣಿಯುವ ಹಸುರು ಬಯಲು. ೧೯೩೦ರ ದಶಕದಲ್ಲಿ ತೋಡರ ನಡುವೆಯೂ ಕೊಡಗಿನಲ್ಲಿಯೂ ಭಾಷಾಸಂಗ್ರಹವನ್ನು ಸ್ವತಃ ನಡೆಸಿದ್ದ ಎಮೆನೊ ಅವರು ಇಷ್ಟು ಭಾಷೆಗಳ ಅರ್ಥಗಳನ್ನು ಒಂದೇ ಕಡೆ ತಂದಿಟ್ಟದ್ದು ದೊಡ್ಡ ಉಪಕಾರವೇ ಸರಿ. ದನ ಸೇರುವ ಎಡೆಯೇ ಜನ ಸೇರುವ ಎಡೆಯೂ ಆಯಿತೆಂದು ಊಹಿಸುವುದು ಇದರಿಂದ ಸುಲಭವಾಗುತ್ತದೆ.

ಆದರೆ ಮಂದೆಯಿಂದ ಮಂದನ್ನು ಅರ್ಥಮಾಡಿಕೊಳ್ಳಹೊರಟವನಿಗೆ ಮುಖ್ಯಾಂಶವೇ ದೊರೆಯದು. ಪುತ್ತರಿಯ ಕೋಲಾಟಕ್ಕೆ ಜನರು ಮಂದಿಗೆ ಬರುವುದು ಒಂದು ಮನೆಯ ಅತಿಥಿಗಳಾಗಿ ಅಲ್ಲ. ಅದು ಯಾವ ಒಕ್ಕದ ಅಂಗಳವೂ ಅಲ್ಲ. ಎಲ್ಲ ಒಕ್ಕಗಳೂ ಸಮನಾಗಿ ನಿಲ್ಲಬಹುದಾದ ನೆಲ. ಉತ್ತು ಬಿತ್ತದೆ ಬಿಟ್ಟಿರುವುದೇ ಅದರ ಉಪಯೋಗ. ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚುಮಾಡಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಹಬ್ಬದ, ಮದುವೆಯ, ಸಾವಿನ ಹಾಡುಗಳು ಕೊಡವರ ಪದ್ಧತಿಗಳ ವಿವರಣೆಯೊಡನೆ ಸಂಗ್ರಹವಾಗಿವೆ. ಈ ಗ್ರಂಥದ ಮಹತ್ತ್ವವು ಹಾಡುಗಳ ಸಂಖ್ಯೆಯಲ್ಲಿಲ್ಲ. ಹಾಡನ್ನು ಅದು ಹುಟ್ಟಿದ ನೆಲದಿಂದಲೂ ಆಚಾರದಿಂದಲೂ ಬೇರ್ಪಡಿಸದೆ ಕೊಟ್ಟಿರುವುದರಲ್ಲಿದೆ. ನಿಘಂಟು ಮಂದಿಗೆ ಬಯಲೆಂದು ಅರ್ಥ ಹೇಳಿ ನಿಲ್ಲುವ ಕಡೆಯಲ್ಲಿ ಇಂತಹ ಸಂಗ್ರಹವು ಆ ಬಯಲಿನಲ್ಲಿ ನಡೆಯುವುದೇನೆಂದು ಹೇಳತೊಡಗುತ್ತದೆ. ಶಬ್ದಾರ್ಥಕ್ಕೆ ಇದು ಕೋಶಕ್ಕಿಂತ ಕಡಮೆಯಾದ ಪ್ರಮಾಣವಲ್ಲ.

೪

ಇನ್ನು ಬಾಣೆಯ ವಿಚಾರ. ಗದ್ದೆಗೆ ಹೊಂದಿಕೊಂಡಂತೆ ಬಿಟ್ಟುಕೊಟ್ಟ ಮರಗಾಡು ನೆಲಕ್ಕೆ ಕೊಡಗಿನಲ್ಲಿ ಈ ಹೆಸರು. ೧೮೯೯ರ ಕೊಡಗು ಭೂಕಂದಾಯ ರೆಗ್ಯುಲೇಷನ್ನಿನ ಪ್ರಕಾರ ಬಾಣೆಯು ಗದ್ದೆಯ ಸೇವೆಗಾಗಿ ಇರತಕ್ಕದ್ದು: ದನಗಳ ಮೇವಿಗೂ, ಗೊಬ್ಬರದ ಸೊಪ್ಪಿಗೂ, ಸೌದೆಗೂ, ಮನೆಯ ಮತ್ತು ಬೇಸಾಯದ ಮರಮುಟ್ಟಿಗೂ ರೈತನು ಅದನ್ನು ಕಂದಾಯವಿಲ್ಲದೆ ಬಳಸಬಹುದು; ಆದರೆ ಗದ್ದೆಯು ಅವನ ಕೈಯಲ್ಲಿರುವವರೆಗೆ ಮಾತ್ರ. ಅರ್ಥಕಥನದ ದೃಷ್ಟಿಯಿಂದ ನೋಡಿದರೆ ಇದು ಬಹು ಉತ್ತಮವಾದ ನಿರೂಪಣೆ. ನೆಲದ ಆಕಾರವನ್ನು ಬಿಟ್ಟು ಅದರ ಸಂಬಂಧವನ್ನೇ ಲಕ್ಷಣವಾಗಿ ಹೇಳಿದೆ.

ದಕ್ಷಿಣ ಕನ್ನಡದ ಕುಮ್ಕಿ ಎಂಬ ಮಾತನ್ನು ಇದರೊಡನೆ ಹೋಲಿಸಬೇಕು. ವರ್ಗದ ಜಮೀನಿನ ಎಲ್ಲೆಯಿಂದ ನೂರು ಗಜದೊಳಗಿನ ಸರ್ಕಾರಿ ನೆಲದಲ್ಲಿ ರೈತನಿಗಿರುವ ಸೊಪ್ಪುಸೌದೆಗಳ ಸೌಲಭ್ಯಕ್ಕೆ ಈ ಹೆಸರು. ಇದರ ಮೂಲವು ಸಹಾಯವೆಂಬ ಅರ್ಥದ ಪಾರಸೀ ಶಬ್ದ. ಕನ್ನಡದ ಕುಮ್ಮಕ್ಕು ಸಹ ಅದರಿಂದಲೇ ಬಂದದ್ದು. ತಿತಿಮತಿಯ ಸಮೀಪದ ಮತ್ತಿಗೋಡಿನ ಶಿಬಿರದಲ್ಲಿ ಕಾಡಾನೆಗಳನ್ನು ಹಿಡಿಯಲು ನೆರವಾಗುವ ಪಳಗಿದ ಆನೆಗೆ ಕುಮ್ಕಿ ಆನೆಯೆಂದು ಹೇಳುವುದೂ ಇದರಿಂದಲೇ. ಗದ್ದೆಗೆ ಒತ್ತಾಸೆಯಾಗಿ ನಿಂತ ನೆಲ, ಮನುಷ್ಯನಿಗೆ ಒತ್ತಾಸೆಯಾಗಿ ನಿಂತ ಆನೆ—ಎರಡರಲ್ಲಿಯೂ ಹೆಸರು ಬಂದದ್ದು ಮಾಡುವ ಕೆಲಸದಿಂದ, ಇರುವ ರೂಪದಿಂದಲ್ಲ.

ಕಾನೂನುಕಾರರು ಈ ಸತ್ಯವನ್ನು ನಿಘಂಟುಕಾರರಿಗಿಂತ ಮೊದಲೇ ಕಂಡುಕೊಂಡರೆಂದು ಹೇಳಬಹುದು. ೧೯೬೪ರ ಭೂಕಂದಾಯ ಕಾಯಿದೆಯ ೭೯ನೆಯ ಪ್ರಕರಣದಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆಗಳೂ, ಉತ್ತರ ಕನ್ನಡದ ಬೆಟ್ಟ, ಹಾಡಿಗಳೂ, ಹಳೆಯ ಮೈಸೂರಿನ ಕಾನು, ಸೊಪ್ಪಿನಬೆಟ್ಟಗಳೂ, ಕೊಡಗಿನ ಜಮ್ಮಾ, ಬಾಣೆಗಳೂ ತಮ್ಮ ತಮ್ಮ ಹೆಸರಿನಿಂದಲೇ ಬಂದಿವೆ. ಇಂಗ್ಲಿಷಿನಲ್ಲಿ ಬರೆದ ಕಾಯಿದೆಯು ಈ ಶಬ್ದಗಳನ್ನು ಅನುವಾದಿಸಲಾರದೆ ಹಾಗೆಯೇ ಇಟ್ಟುಕೊಂಡಿತು. ಅನುವಾದಿಸಿದ್ದರೆ ಎಲ್ಲವೂ ಕಾಡು ಅಥವಾ ಪಾಳುನೆಲ ಎಂದಾಗಿ, ಹಕ್ಕಿನ ಭೇದವೇ ಅಳಿದುಹೋಗುತ್ತಿತ್ತು. ಅಷ್ಟಾದರೂ ಬಾಣೆಯು ರೈತನ ಸ್ವತ್ತೋ ಉಪಯೋಗದ ಹಕ್ಕು ಮಾತ್ರವೋ ಎಂಬ ವ್ಯಾಜ್ಯವು ಬಹುಕಾಲ ನಡೆದು, ಜಮ್ಮಾ ಬಾಣೆಯನ್ನು ಕುರಿತು ೨೦೧೧ರಲ್ಲಿ ಕಾಯಿದೆಯನ್ನು ತಿದ್ದಬೇಕಾಯಿತು. ಬಾಣೆಗಳಲ್ಲಿ ಕಾಫಿ ಬೆಳೆದು ನಿಂತ ಮೇಲೆ, ಗದ್ದೆಯ ಸೇವೆಗೆಂದಿದ್ದ ನೆಲವು ಗದ್ದೆಗಿಂತ ಹೆಚ್ಚು ಬೆಲೆಯುಳ್ಳದ್ದಾಯಿತು. ಶಬ್ದದ ಹಳೆಯ ಅರ್ಥವು ಹೊಸ ಸ್ಥಿತಿಯ ಭಾರವನ್ನು ತಡೆಯಲಾರದೆ ಹೋಯಿತು.

೫

ಈ ವಿವೇಚನೆಯು ಅತ್ಯಂತ ಅವಶ್ಯಕವಾಗಿರುವುದು ಹಾಡಿಯ ವಿಷಯದಲ್ಲಿ. ಹಳಗನ್ನಡದ ಪಾಡಿಯೇ ಹಾಡಿಯಾಗಿದೆ. ತಮಿಳಿನಲ್ಲಿಯೂ ಪಾಡಿಯೆಂದರೆ ಜನವಸತಿ. ಕುಂದಾಪುರದ ಕಡೆಯಲ್ಲಿ ಹಾಡಿಯೆಂದರೆ ಮನೆಗಳ ಬಳಿಯ ಮರಗಾಡು. ತಿತಿಮತಿಯ ಮಜ್ಜಿಗೆಹಳ್ಳದಂತಹ ಎಡೆಗಳಲ್ಲಿ ಹಾಡಿಯೆಂದರೆ ಆದಿವಾಸಿಗಳ ಕೇರಿ. ಒಂದು ಕಡೆ ಮರಗಳ ಹೆಸರು, ಇನ್ನೊಂದು ಕಡೆ ಮನೆಗಳ ಹೆಸರು. ಇವು ಮೂಲತಃ ಎರಡು ಶಬ್ದಗಳೋ ಒಂದೋ ಎಂಬ ಚರ್ಚೆಯು ಭಾಷಾಶಾಸ್ತ್ರಕ್ಕೆ ಸೇರಿದ್ದು. ಅರ್ಥವಿಮರ್ಶೆಗೆ ಮುಖ್ಯವಾದದ್ದೇನೆಂದರೆ, ಕೊಡಗಿನ ಹಾಡಿಯಲ್ಲಿ ಗುಡಿಸಲು, ಅದರ ಮುಂದಣ ನೆಲ, ಬಳಿಯ ಮರಗಳು, ಜೇನು ಗೆಣಸುಗಳಿಗಾಗಿ ನಡೆಯುವ ಕಾಡಿನ ದಾರಿ ಇವೆಲ್ಲ ಸೇರಿ ಒಂದೇ ವಸತಿ. ಅಂಗಳ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂದು ಗೆರೆಯೆಳೆಯುವುದು ಹೊರಗಿನವರು.

ಆ ಗೆರೆಯನ್ನು ಎಳೆಯುವ ಮಾತುಗಳು ಬೇರೆ ಇವೆ. ಕೊಡಗಿನ ದಾಖಲೆಗಳಲ್ಲಿ ದೇವರಕಾಡು, ಊರುಡುವೆ, ಪೈಸಾರಿ, ಮೀಸಲು ಅರಣ್ಯ ಎಂಬ ವಿಭಾಗಗಳಿವೆ. ದೇವರಕಾಡು ದೇವತೆಯದು, ಸರ್ಕಾರದ ಪಟ್ಟಿಯಲ್ಲಿ ಇಂತಹವು ೧,೨೧೪ ಇವೆ. ಊರುಡುವೆಯು ಹೆಸರೇ ಹೇಳುವಂತೆ ಊರಿನದು. ಪೈಸಾರಿಯು ಯಾರಿಗೂ ಹಂಚದೆ ಉಳಿದ ಸರ್ಕಾರದ ನೆಲ. ೨೦೧೬ರ ದಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ನೂರಾರು ಆದಿವಾಸಿ ಕುಟುಂಬಗಳನ್ನು ತೆರವು ಮಾಡಿಸಿದಾಗ ಆ ನೆಲವು ಪೈಸಾರಿಯೋ ಮೀಸಲು ಅರಣ್ಯವೋ ಎಂಬುದೇ ವಿವಾದದ ಕೇಂದ್ರವಾಯಿತು. ಅವರಲ್ಲಿ ಅನೇಕರು ತೋಟಗಳ ಲೈನ್‌ಮನೆಗಳನ್ನು ಬಿಟ್ಟು ಬಂದವರು. ಎರಡು ಶಬ್ದಗಳಲ್ಲಿ ಯಾವುದು ಸಲ್ಲುವುದೆಂಬುದರ ಮೇಲೆ ಮನೆಯು ನಿಲ್ಲುವುದೋ ಬೀಳುವುದೋ ಎಂಬುದು ನಿಂತಿತ್ತು. ಹಾಡಿಯೆಂಬ ಅವರ ಸ್ವಂತ ಮಾತಿಗೆ ಆ ವಾದದಲ್ಲಿ ಎಡೆಯೇ ಇರಲಿಲ್ಲ. ೨೦೦೬ರ ಅರಣ್ಯಹಕ್ಕು ಕಾಯಿದೆಯು ಸಮುದಾಯದ ಬಳಕೆಯ ಹಕ್ಕುಗಳನ್ನು, ಅವುಗಳಿಗೆ ಯಾವ ಹೆಸರಿದ್ದರೂ, ಅಂಗೀಕರಿಸುತ್ತದೆ. ಹೆಸರು ಯಾವುದಾದರೂ ಸರಿಯೆಂದು ಕಾಯಿದೆಯು ಹೇಳಿದ ಮೇಲೆ, ಆ ಹೆಸರುಗಳ ಅರ್ಥವನ್ನು ಸರಿಯಾಗಿ ಬರೆದಿಡುವ ಹೊಣೆಯು ವಿದ್ವಾಂಸರ ಮೇಲೆ ಬೀಳುತ್ತದೆ.

೬

ಕನ್ನಡದ ಕೋಶಕಾರರ ಸಾಧನೆಯನ್ನು ಅಲ್ಲಗಳೆಯುವುದು ಈ ವಿಮರ್ಶೆಯ ಉದ್ದೇಶವಲ್ಲ. ಕಿಟ್ಟೆಲರು ೧೮೯೪ರ ತಮ್ಮ ಕೋಶದಲ್ಲಿ ಗಾದೆಗಳನ್ನು ಹೇರಳವಾಗಿ ಉದಾಹರಿಸಿ ಜೀವಂತಪ್ರಯೋಗಕ್ಕೆ ಮಾನ್ಯತೆಯನ್ನು ಕೊಟ್ಟರು. ಸಾಹಿತ್ಯ ಪರಿಷತ್ತಿನ ಬೃಹನ್ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದು ಕಾವ್ಯಶಾಸನಗಳ ಪ್ರಯೋಗಗಳನ್ನು ಕ್ರಮಬದ್ಧವಾಗಿ ಒದಗಿಸಿತು. ಆದರೆ ಕಾವ್ಯದಲ್ಲಿಯೂ ಕಲ್ಲಿನಲ್ಲಿಯೂ ಬರೆಯಿಸಿಕೊಳ್ಳುವ ಭಾಗ್ಯವು ಎಲ್ಲ ನೆಲಕ್ಕೂ ಇರಲಿಲ್ಲ. ನಿಘಂಟು ಕಾನೂನಿನ ಪುಸ್ತಕವಾಗಬೇಕಿಲ್ಲವೆಂಬ ಆಕ್ಷೇಪಣೆಯು ಬರಬಹುದು. ಅದು ನಿಜ, ಆದರೆ ಇಲ್ಲಿ ಕೋರುವುದು ಕಾನೂನನ್ನಲ್ಲ, ಬಳಕೆಯನ್ನು. ನೆಲದ ಹೆಸರೊಂದಕ್ಕೆ ಅರ್ಥ ಬರೆಯುವಾಗ ಅದು ಎಲ್ಲಿದೆ, ಯಾರದು, ಯಾವುದಕ್ಕೆ, ಅದರ ಎದುರು ನಿಲ್ಲುವ ಶಬ್ದ ಯಾವುದು ಎಂಬ ನಾಲ್ಕು ಅಂಶಗಳನ್ನು ಹೇಳಿದರೆ ಸಾಕು. ಅಂಗಳಕ್ಕೆ ಹಿತ್ತಲನ್ನೂ, ಅಂಗಳಕ್ಕೇ ಮತ್ತೊಂದು ಕಡೆಯಿಂದ ಮಂದನ್ನೂ, ಗದ್ದೆಗೆ ಬಾಣೆಯನ್ನೂ, ಊರುಡುವೆಗೆ ಪೈಸಾರಿಯನ್ನೂ ಎದುರಿಟ್ಟು ತೋರಿಸಿದರೆ ಪಾಠಶಾಲೆಯ ವಿದ್ಯಾರ್ಥಿಗೂ ಅರ್ಥವು ಕೂಡಲೇ ಬೆಳಗುವುದು.

ಕೊನೆಗೆ ಒಂದು ಮಾತನ್ನು ಗಮನಿಸಬೇಕು. ತೋಟಗಳ ಲೈನ್‌ಮನೆಯ ಮುಂದೆಯೂ ನೆಲವಿದೆ. ಅದನ್ನೂ ಗುಡಿಸುತ್ತಾರೆ, ಅಲ್ಲಿಯೂ ಮಕ್ಕಳು ಆಡುತ್ತಾರೆ. ಆದರೆ ಆ ನೆಲವು ತೋಟದ್ದು. ಕೆಲಸ ಬಿಟ್ಟ ದಿನ ಅದೂ ಬಿಟ್ಟುಹೋಗುವುದು. ಅದನ್ನು ಅಂಗಳವೆಂದು ಕರೆಯುವವರು ಆ ಶಬ್ದದ ಅರ್ಧಾರ್ಥವನ್ನು ಮಾತ್ರ ಅನುಭವಿಸುತ್ತಾರೆ. ಉಳಿದ ಅರ್ಧವು ಇನ್ನೂ ಅವರಿಗೆ ಸಲ್ಲಬೇಕಾಗಿದೆ.