ಬೂದಿ: ಏಕವಚನವೋ ಬಹುವಚನವೋ?

ಬೂದಿ ಬುಧವಾರದ ವಿಧಿಯನ್ನು ಭಕ್ತಿಯಿಂದ ಆಚರಿಸುವ ನಾವು ಅದನ್ನೊಂದು ಪಠ್ಯದಂತೆ ಓದುವುದು ವಿರಳ. ಓದಿದರೆ ಒಂದು ವೈರುಧ್ಯ ಎದುರಾಗುತ್ತದೆ. ಅಂದಿನ ಶುಭಸಂದೇಶದಲ್ಲಿ (ಮತ್ತಾಯ 6) ಉಪವಾಸಿಯು ಮುಖ ತೊಳೆದುಕೊಳ್ಳಬೇಕು, ಕದವಿಕ್ಕಿಕೊಂಡು ಪ್ರಾರ್ಥಿಸಬೇಕು ಎಂದು ಪ್ರಭು ಬೋಧಿಸುತ್ತಾರೆ. ಅದನ್ನು ಕೇಳಿದ ಬೆನ್ನಲ್ಲೇ ನಾವು ಎಲ್ಲರೆದುರು ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವೆ. ಇದು ತೋರಿಕೆಯಲ್ಲವೇ ಎಂದು ಕೇಳುವವರುಂಟು.

ಉತ್ತರ ಅದೇ ದಿನದ ಮೊದಲ ವಾಚನದಲ್ಲಿದೆ. ಪ್ರವಾದಿ ಯೋವೇಲನು ತುತ್ತೂರಿ ಊದಿಸಿ ಜನರನ್ನು ಸೇರಿಸುತ್ತಾನೆ. ವೃದ್ಧರು, ಮೊಲೆಗೂಸುಗಳು, ನವವಧೂವರರು, ಯಾರಿಗೂ ವಿನಾಯಿತಿಯಿಲ್ಲ. ಮತ್ತಾಯನದು ಅಂತರಂಗದ ಪಶ್ಚಾತ್ತಾಪ, ಯೋವೇಲನದು ಊರೊಟ್ಟಿನ ಪಶ್ಚಾತ್ತಾಪ. ಧರ್ಮಸಭೆ ಇವೆರಡನ್ನೂ ಒಂದೇ ಪೂಜೆಯಲ್ಲಿ ಜೋಡಿಸಿದೆ.

ಬೂದಿ ಹಚ್ಚುವಾಗ ಗುರುಗಳು ನುಡಿಯುವ ಮಾತಿನಲ್ಲೂ ಇದೇ ಜೋಡಣೆಯಿದೆ. ಆದಿಕಾಂಡದ (3:19) ಆಧಾರದ ಹಳೆಯ ವಾಕ್ಯ ನಾವು ಮಣ್ಣೆಂಬುದನ್ನು ನೆನಪಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1970ರ ಪೂಜಾಗ್ರಂಥದಲ್ಲಿ ಸೇರಿದ, ಮಾರ್ಕನ (1:15) ಆಧಾರದ ಇನ್ನೊಂದು ವಾಕ್ಯ ಪಶ್ಚಾತ್ತಾಪಕ್ಕೂ ವಿಶ್ವಾಸಕ್ಕೂ ಕರೆಯುತ್ತದೆ. ಲತೀನ್ ಮೂಲದಲ್ಲಿ ಮೊದಲನೆಯದು ಏಕವಚನ, ಎರಡನೆಯದು ಬಹುವಚನ. ಸಾಯುವಾಗ ಒಬ್ಬೊಬ್ಬರೇ, ದೇವರತ್ತ ತಿರುಗುವಾಗ ಎಲ್ಲರೂ ಕೂಡಿ. ಆದರೆ ಆ ಬಹುವಚನವನ್ನೂ ನಾವು ಏಕವಚನವಾಗಿಯೇ ಕೇಳಿಸಿಕೊಳ್ಳುತ್ತಿದ್ದೇವೆ. ಮಾಂಸಾಹಾರ ಬಿಟ್ಟೆ, ಪಾಪನಿವೇದನೆ ಮಾಡಿದೆ, ಅಲ್ಲಿಗೆ ಲೆಕ್ಕ ಮುಗಿಯಿತು ಎನ್ನುತ್ತೇವೆ.

ಸಂಡೂರಿನಲ್ಲಿ ಈ ಲೆಕ್ಕ ಮುಗಿಯುವುದಿಲ್ಲ. ಅದಿರು ಲಾರಿಗಳು ಎಬ್ಬಿಸಿದ ಕೆಂಧೂಳು ಇಲ್ಲಿನ ಬೆಳೆ, ಮನೆ, ಮರಗಳ ಮೇಲೆ ವರ್ಷಗಟ್ಟಲೆ ಕೂತಿತು. ಬೂದಿ ನಾವಾಗಿ ತಲೆಬಾಗಿ ಪಡೆಯುವಂಥದು. ಈ ಧೂಳು ಯಾರನ್ನೂ ಕೇಳದೆ ಎಲ್ಲರ ಮೇಲೆ ಬಿದ್ದದ್ದು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರ ಏಪ್ರಿಲ್ 18ರ ತೀರ್ಪು ಅತಿ ಗಂಭೀರ ಅಕ್ರಮದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದ ಗಣಿಗಳಿಗೆ ಪುನಶ್ಚೇತನ ಹಾಗೂ ಪುನರ್ವಸತಿ ಯೋಜನೆಯ ಷರತ್ತು ಬಿತ್ತು. ನಿಲ್ಲಿಸು, ಹಾನಿಯನ್ನು ಅಳೆ, ಸರಿಪಡಿಸು: ಇದು ನ್ಯಾಯಾಲಯದ ಕ್ರಮ. ನಾಲ್ಕುಪಟ್ಟು ಹಿಂದಿರುಗಿಸುವೆನೆಂದ ಜಕ್ಕಾಯನ (ಲೂಕ 19) ಪಶ್ಚಾತ್ತಾಪದ ಕ್ರಮವೂ ಇದೇ. ವ್ಯತ್ಯಾಸ ಒಂದೇ: ಜಕ್ಕಾಯನಿಗೆ ಯಾರೂ ಆದೇಶ ನೀಡಿರಲಿಲ್ಲ.

ತಪ್ಪು ಗಣಿ ಒಡೆಯರದಷ್ಟೇ ಎನ್ನುವುದು ಸುಲಭ. ಅದಿರಿನ ಹಣ ಲಾರಿ, ಬಾಡಿಗೆ, ವ್ಯಾಪಾರ, ಕಾಣಿಕೆಗಳಾಗಿ ಎಷ್ಟು ಕೈಗಳನ್ನು ದಾಟಿತು! ಪರಿಸರದತ್ತ ಮನಪರಿವರ್ತನೆ ಇಡೀ ಸಮುದಾಯದ್ದೂ ಆಗಬೇಕೆಂದು ವಿಶ್ವಗುರು ಫ್ರಾನ್ಸಿಸ್ 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಹೇಳಿದ್ದು ಇದಕ್ಕಾಗಿಯೇ.

ಆದುದರಿಂದ ಈ ತಪಸ್ಸುಕಾಲದಲ್ಲಿ ಎರಡನೆಯ ವಾಕ್ಯವನ್ನು ಬಹುವಚನದಲ್ಲೇ ಕೇಳಿಸಿಕೊಳ್ಳೋಣ. ವೈಯಕ್ತಿಕ ಉಪವಾಸದ ಜೊತೆಗೆ, ನಾವೆಲ್ಲರೂ ಸೇರಿ ಕೆಡಿಸಿದ್ದು ಯಾವುದು, ಸೇರಿ ಹಿಂದಿರುಗಿಸಬೇಕಾದದ್ದು ಯಾವುದು ಎಂದು ಪ್ರತಿ ಧರ್ಮಕೇಂದ್ರವೂ ಕೇಳಿಕೊಳ್ಳಲಿ. ಹಣೆಯ ಬೂದಿ ಸಂಜೆಯೊಳಗೆ ಅಳಿಸಿಹೋಗುತ್ತದೆ. ಅದು ಹೊರಿಸಿದ ಹೊಣೆ ಪಾಸ್ಖದವರೆಗೂ, ಅದರಾಚೆಗೂ ಉಳಿಯಬೇಕು.